ಮಂಜಣ್ಣನ ಕೈ ಭಾರವಾಗಿರಲಿಲ್ಲ

ಬೀಜಾಡಿಯ ಮಂಜಣ್ಣನ ಕೈ ಭಾರ, ಅದಕ್ಕೇ ಲೋಡರಿನ ಪಂಪು ಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ಪಂಪು ಹೋಗಿಯೇ ಇರಲಿಲ್ಲ. ಆ ಲೋಡರು ಸೋತು ಕೂತದ್ದು ನನ್ನ ಕೆಲಸದಿಂದ — ನನ್ನ ಈ ಎರಡು ಕೈಗಳ ಕೆಲಸದಿಂದ. ಮಂಜಣ್ಣನ ಮೇಲೆ ಆ ಮಾತನ್ನು ನಾನು ಎರಡು ಸಲ ಆಡಿದ್ದೇನೆ. ಮೊದಲ ಸಲ ಆಡುವಾಗ ಅದು ತಪ್ಪೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಸಲ ಗೊತ್ತಿತ್ತು. ಗೊತ್ತಿದ್ದೂ ಆಡಿದೆ.

ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗ ಯಾಕೆ ಬರೆಯುತ್ತಿದ್ದಾನೆ ಎಂದು ನೀವು ಕೇಳಬಹುದು. ಕೇಳಿ. 'ಇದು ಹೀಗೆ ಯಾಕೆ' ಎಂದು ಕೇಳಿಕೊಂಡೇ ಹೊಟ್ಟೆ ಹೊರೆದವನು ನಾನು. ಕೋಟೇಶ್ವರದ ಆಚೆ ಹೆದ್ದಾರಿಯ ಬದಿಗೆ ನನ್ನದೊಂದು ತಗಡಿನ ಶೆಡ್ಡು ಇತ್ತು. ಟ್ರ್ಯಾಕ್ಟರು, ಟಿಲ್ಲರು, ದೋಣಿಯ ಇಂಜಿನ್ನು — ಬಂದದ್ದನ್ನೆಲ್ಲ ಬಿಚ್ಚುತ್ತಿದ್ದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರದ್ದಾದರೂ ಲೋಡರು ಏಳದೆ ಮುನಿಸಿಕೊಂಡರೆ "ರಘು ಮೇಸ್ತ್ರಿನ ಕರಿನಿ" ಎನ್ನುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸುತ್ತಿತ್ತು. ಎಷ್ಟು ಹಿಡಿಸುತ್ತಿತ್ತು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಬೀಜಾಡಿಯ ಒಂದು ದೋಣಿ ತಂಡದವರು ಸೇರಿ ಒಂದು ಹಳೆಯ ಟ್ರ್ಯಾಕ್ಟರು ಇಟ್ಟುಕೊಂಡಿದ್ದರು. ಮುಂದೆ ಲೋಡರಿನ ಎರಡು ತೋಳು, ತುದಿಗೆ ಬಕೆಟ್ಟು. ಬೈಂದೂರಿನ ಆಚೆ ಎಲ್ಲೋ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದು ಸುಸ್ತಾಗಿ ಬಂದ ಗಾಡಿ ಅದು. ಇಲ್ಲಿ ಅದಕ್ಕೆ ಕಲ್ಲು ಹೊರುವ ಕೆಲಸ ಇರಲಿಲ್ಲ, ದೋಣಿ ಎತ್ತುವ ಕೆಲಸ. ಬಕೆಟ್ಟಿಗೆ ಹಗ್ಗದ ಜೋಲಿ ಕಟ್ಟಿ ದೋಣಿಯ ಮೂತಿಯನ್ನು ಅದರಲ್ಲಿ ಕೂರಿಸಿ ಮೇಲಕ್ಕೆತ್ತಬೇಕು. ಎತ್ತಿದಾಗ ಅಡಿಗೆ ಉರುಟು ದಿಮ್ಮಿ ತೂರಿಸಲು ಜನ ಕೈ ಹಾಕುತ್ತಾರೆ, ಆಮೇಲೆ ಎರಡೂ ಬದಿಯಿಂದ ಕೂಗು ಹಾಕುತ್ತ ನೂಕುತ್ತಾರೆ. ಯೋಚಿಸಿ ನೋಡಿ — ಮೇಲೆ ದೋಣಿ, ಕೆಳಗೆ ಎಂಟು ಹತ್ತು ಕೈ. ಲಿವರು ಹಿಡಿದವನು ಒಂದು ಕ್ಷಣ ಅಳುಕಿದರೆ ಆ ಕೈಗಳ ಕಥೆ ಮುಗಿಯಿತು.

ಆ ಲಿವರು ಹಿಡಿಯುತ್ತಿದ್ದವರು ಮಂಜಣ್ಣ. ತಂಡದ ತಾಂಡೇಲರಾದ ಬಾಬಣ್ಣನ ಸ್ವಂತ ತಮ್ಮ. ತಾಂಡೇಲ ಎಂದರೆ ದೋಣಿಯ ಯಜಮಾನಿಕೆ ಹೊತ್ತವನು. ಕಡಲಿನಲ್ಲಿಯೂ ದಡದಲ್ಲಿಯೂ ಅವನ ಮಾತೇ ಕಡೆಯ ಮಾತು. ಅಣ್ಣ ದೋಣಿಯ ಚುಕ್ಕಾಣಿ, ತಮ್ಮ ದಡದ ಲಿವರು. ಏಳು ವರ್ಷ ಆ ಜೋಲಿಯ ಅಡಿಗೆ ಕೈ ಹಾಕಿದ ಯಾರ ಉಗುರೂ ಕಪ್ಪಾಗಿರಲಿಲ್ಲ. ಮಂಜಣ್ಣ ದೋಣಿ ಇಳಿಸುವುದನ್ನು ನೋಡಲೆಂದೇ ನಾನು ಕೆಲವು ಸಲ ಸುಮ್ಮನೆ ಹೋಗಿ ನಿಂತದ್ದುಂಟು. ಅಷ್ಟು ದೊಡ್ಡ ದೋಣಿ ಮರಳಿಗೆ ತಾಗಿದ್ದು ಯಾವಾಗ ಎಂದು ಗೊತ್ತೇ ಆಗುತ್ತಿರಲಿಲ್ಲ.

ಇನ್ನು ನನ್ನ ಕೆಲಸ. ಕಡಲ ಕರೆಯಲ್ಲಿ, ಎಂದರೆ ದಡದಲ್ಲಿ, ಕಬ್ಬಿಣ ಉಳಿಸುವುದೇ ಒಂದು ಸಂಸಾರ. ಮಳೆ ಹಿಡಿಯುವ ಮುಂಚೆ, ದೋಣಿಗಳು ಮೇಲೆ ಬಂದ ಮೇಲೆ, ಎರಡು ತಿಂಗಳು ಸುಮ್ಮನೆ ನಿಲ್ಲುವ ಗಾಡಿಗೆ ನಾವು ಅಡಿಯಿಂದ ಮುಡಿಯವರೆಗೆ ಗ್ರೀಸು, ಸುಟ್ಟ ಆಯಿಲು ಮೆತ್ತುತ್ತೇವೆ. ಉಪ್ಪುಗಾಳಿ ನುಗ್ಗುವ ಬಾಯಿಗಳಿಗೆಲ್ಲ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತುತ್ತೇವೆ. ಘಟ್ಟದ ಮೇಲಿನವರು ಕಂಡರೆ ನಗುತ್ತಾರೆ. ನಗಲಿ, ಅವರಿಗೆ ಉಪ್ಪಿನ ಬಾಯಿ ಗೊತ್ತಿಲ್ಲ. ಆ ವರ್ಷವೂ ಹಾಗೆಯೇ ಮಾಡಿದೆ. ಸೈಲೆನ್ಸರಿನ ಬಾಯಿ ಕಟ್ಟಿದೆ, ಏರ್ ಫಿಲ್ಟರಿನ ಬಾಯಿ ಕಟ್ಟಿದೆ, ಲೋಡರಿನ ಆಯಿಲ್ ಟ್ಯಾಂಕಿನ ಹಿಂದುಗಡೆ ತೂತಿರುವ ಒಂದು ಪುಟ್ಟ ಗುಬುಟು, ಗುಂಡಿಯಂಥ ಉಬ್ಬು, ಇರುತ್ತದೆ, ಅದನ್ನೂ ಕಟ್ಟಿದೆ. ಅದು ಟ್ಯಾಂಕು ಉಸಿರಾಡುವ ಜಾಗ. ಮೇಲಿಂದ ಗ್ರೀಸು ಬಳಿದೆ. ಮಳೆ ಕಳೆದು ದೋಣಿ ಇಳಿಸುವ ಹೊತ್ತಿಗೆ ಎಲ್ಲ ಬಿಚ್ಚಿದೆ — ಅದೊಂದನ್ನು ಬಿಟ್ಟು. ಗ್ರೀಸಿನ ಮೇಲೆ ಮರಳು ಕೂತು ಅದು ಟ್ಯಾಂಕಿನದೇ ಒಂದು ಉಬ್ಬಿನ ಹಾಗೆ ಕಾಣುತ್ತಿತ್ತು. ಮರೆತೆ. ಅಷ್ಟೇ. ಇಲ್ಲಿಯವರೆಗೆ ಇದರಲ್ಲಿ ಪಾಪ ಏನೂ ಇಲ್ಲ.

ಮೊದಲ ದೋಣಿ ಇಳಿಸಿದ ದಿನವೇ ಮಂಜಣ್ಣ ಗಾಡಿ ಹೊಡೆದುಕೊಂಡು ಶೆಡ್ಡಿಗೆ ಬಂದರು.

"ಹ್ವಾಯ್ ರಘು, ಇದಕ್ಕೆ ಎಂತದೋ ಆಯ್ತ್ ಮಾರಾಯ. ಸುರೂವಿಗೆ ಲಾಯ್ಕ್ ಎತ್ತತ್ತ್. ಕಡಿಕಡಿಗೆ ನಿಧಾನ ಆತ್ತ್. ಮೇಲ್ ಹೋಪತಿಗೆ ಉಸಿರ್ ಕಟ್ಟಿದಾಂಗ್ ಕೂಗತ್ತ್."

ಮೇಲೆ ಹೋಗುವಾಗ ಉಸಿರು ಕಟ್ಟಿದ ಹಾಗೆ. ಅವರು ಆಡಿದ್ದು ಇದೇ ಮಾತು. ಕಾಯಿಲೆಯ ಹೆಸರನ್ನೇ ಅವರು ನನ್ನ ಕೈಗೆ ಇಟ್ಟಿದ್ದರು.

ಅವರ ಕಿವಿಯ ಸೂಕ್ಷ್ಮಕ್ಕೆ ನಾನು ನಕ್ಕೆ. "ನಿಮ್ ಕೆಮಿ ಭಾರೀ ಜೋರ್ ಮಂಜಣ್ಣ, ನಾ ಕಾಣ್ತೆ ಬಿಡಿ" ಎಂದೆ.

ನೋಡಿದೆ, ಮನಸ್ಸಿಟ್ಟೇ ನೋಡಿದೆ. ಎರಡೂ ತೋಳು ಒಂದೇ ಸಮ ನಿಧಾನವಾಗುತ್ತವೆ ಎಂದರೆ ತೋಳೆತ್ತುವ ಯಾವುದೋ ಒಂದು ಜಾಕಿನ ದೋಷ ಅಲ್ಲ. ಬಕೆಟ್ಟು ಎತ್ತಿ, ಇಂಜಿನ್ ಬಂದ್ ಮಾಡಿ ಊಟಕ್ಕೆ ಹೋದೆ. ಗಂಜಿ ಉಂಡು ಬಂದು ಅಳೆದರೆ ಬೆರಳಷ್ಟೂ ಇಳಿದಿರಲಿಲ್ಲ. ಹಾಗಾದರೆ ಜಾಕಿನ ಸೀಲು ಸರಿ, ವಾಲ್ವು ಸರಿ. ಆಯಿಲಿಗೆ ನೀರು ಸೇರಿ ಹಾಲಿನ ಹಾಗಾಗಿದೆಯೋ ಎಂದು ಮುಚ್ಚಳ ತೆಗೆದೆ. ಉಸ್ಸ್ ಎಂದಿತು. ಬಿಸಿ ಆಯಿಲಿನ ಆವಿ ಇರಬೇಕು ಎಂದುಕೊಂಡೆ. ಆಯಿಲು ತಿಳಿಯಾಗಿಯೇ ಇತ್ತು, ಮೇಲೆ ಸ್ವಲ್ಪ ನೊರೆ. ನೊರೆ ಯಾಕೆ ಬಂತು ಎಂದು — ಕೇಳಿಕೊಳ್ಳಬೇಕಿತ್ತು. ಫಿಲ್ಟರು ತೊಳೆದೆ, ಗೇಜು ಹಾಕಿ ಒತ್ತಡ ನೋಡಿದೆ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತಿತು. ಲೋಡರು ಹೊಸತರ ಹಾಗೆ ಎದ್ದಿತು, ಇಳಿಯಿತು, ಎದ್ದಿತು. ನನ್ನ ಶೆಡ್ಡಿನಲ್ಲಿ ಅದು ಎಷ್ಟು ಸಲ ಎತ್ತಿದರೂ ಸರಿಯಾಗಿಯೇ ಇತ್ತು. ಯಾಕೆಂದು ಈಗ ನಿಮಗೆ ಹೊಳೆದಿರಬಹುದು. ಅಲ್ಲಿ ನಾನು ಪ್ರತಿ ಸಲವೂ ಮುಚ್ಚಳ ತೆಗೆದು ನೋಡುತ್ತಿದ್ದೆನಲ್ಲ — ಅಷ್ಟು ಹೊತ್ತಿಗೆ ಟ್ಯಾಂಕಿಗೆ ಬೇಕಾದ ಗಾಳಿ ಸಿಕ್ಕಿಬಿಡುತ್ತಿತ್ತು. ಕಡಲ ಕರೆಗೆ ಹೋಗಿ ಆಯಿಲು ಬಿಸಿಯಾದ ಮೇಲೆ ಒಳಗಿನ ಗಾಳಿ ಮುಚ್ಚಳದ ಸಂದಿಯಿಂದ ನುಸುಳಿ ಹೊರಗೆ ಹೋಗುತ್ತಿತ್ತು, ಹೊರಗಿನದು ಒಳಗೆ ಬರುತ್ತಿರಲಿಲ್ಲ. ತೋಳು ಮೇಲೆ ಏರಿದಷ್ಟೂ ಟ್ಯಾಂಕಿನ ಆಯಿಲು ಜಾಕಿಗೆ ಹೋಗಬೇಕು, ಆ ಖಾಲಿ ಜಾಗಕ್ಕೆ ಗಾಳಿ ಬೇಕು. ಗಾಳಿ ಇಲ್ಲ. ಟ್ಯಾಂಕಿನಿಂದ ಆಯಿಲು ಬಾರದೆ ಪಂಪು ಎಳೆದು ಎಳೆದು ಕೂಗುತ್ತಿತ್ತು.

ಇದನ್ನೆಲ್ಲ ಈಗ ಎಷ್ಟು ಚಂದ ವಿವರಿಸುತ್ತೇನೆ ನೋಡಿ. ಆಗ ಮಂಜಣ್ಣನಿಗೆ ಹೇಳಿದ್ದು ಒಂದೇ ಮಾತು. "ಗಾಡಿಗೆ ಎಂತದೂ ಆಯ್ಲಿಲ್ಲ. ತಕಂಡ್ ಹೋಯ್ನಿ."

ನಾಲ್ಕನೆಯ ದಿನ ದೊಡ್ಡ ದೋಣಿಯನ್ನು ಕಡಲಿಗೆ ಇಳಿಸಲೆಂದು ಎತ್ತುವಾಗ ತೋಳು ಅರ್ಧಕ್ಕೆ ನಿಂತಿತು. ಕೆಳಗೆ ಕೈ ಹಾಕಿದ್ದವರಿಗೆ ಮಂಜಣ್ಣ ಕೂಗಿ ಹೇಳಿ ಎಲ್ಲರನ್ನೂ ಎಬ್ಬಿಸಿದರಂತೆ. ಜನ ಆಚೆ ಸರಿದರು. ದೋಣಿಯ ಮೂತಿ ಜೋಲಿಯಿಂದ ಜಾರಿ ದಿಮ್ಮಿಗೆ ಬಡಿದು, ಫೈಬರು ಒಂದು ಮಾರುದ್ದ ಸೀಳಿತು. ಮೀನಿನ ಸುಗ್ಗಿಯ ಹೊತ್ತಿಗೆ ದೋಣಿ ದಡದಲ್ಲೇ ಉಳಿಯಿತು. ನನ್ನನ್ನು ಕರೆಸಿದರು. ನಾನು ಹೋದಾಗ ಇಪ್ಪತ್ತು ಜನ ಸುತ್ತ ನಿಂತಿದ್ದರು, ನಡುವೆ ಬಾಬಣ್ಣ ತಾಂಡೇಲರು. ನಾನೇ ನೋಡಿ 'ಸರಿ ಇದೆ' ಎಂದು ಕಳಿಸಿದ ಗಾಡಿ ಅದು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಲೋಡರು ಎತ್ತಿ ನೋಡಿದೆ. ನಿಜವಾಗಿಯೂ ಸೋತಿತ್ತು, ಕೂಗುತ್ತಿತ್ತು. ಉಳಿದದ್ದೆಲ್ಲ ಸರಿ ಇದ್ದ ಮೇಲೆ ಉಳಿಯುವುದು ಪಂಪು ಒಂದೇ ಅಲ್ಲವೇ? ಮೂರು ದಿನದ ಹಿಂದೆ ಸರಿ ಇದ್ದ ಪಂಪು ಈಗ ಹೇಗೆ ಹೋಯಿತು ಎಂದು ಯಾರೋ ಕೇಳಿದರು. ಲಿವರನ್ನು ಕೊನೆಯವರೆಗೆ ಒತ್ತಿ ಹಿಡಿದೇ ಇಟ್ಟರೆ ಪಂಪು ಬೇಯುತ್ತದೆ — ಅದು ಸುಳ್ಳಲ್ಲ, ಯಾವ ಮೆಕ್ಯಾನಿಕ್ಕನೂ ಹೇಳುತ್ತಾನೆ. ನಾನೂ ಹೇಳಿದೆ. ಹೇಳಿ ಅದರ ಬಾಲಕ್ಕೆ ಸೇರಿಸಿದೆ.

"ಮಂಜಣ್ಣನ್ ಕೈ ಸ್ವಲ್ಪ ಭಾರ ಆಯ್ತ್ ಕಾಣತ್ತ್."

ಬಾಬಣ್ಣ ತಮ್ಮನ ಕಡೆ ತಿರುಗಿ ಕೈ ಚಾಚಿದರು. ಮಂಜಣ್ಣ ಗಾಡಿಯ ಕೀಲಿ ಕೊಟ್ಟರು. ಬೇರೆ ಯಾರ ತಮ್ಮನಾಗಿದ್ದರೂ ಬಾಬಣ್ಣ ಒಂದು ಮಾತು ವಿಚಾರಿಸುತ್ತಿದ್ದರೋ ಏನೋ. ಸ್ವಂತ ತಮ್ಮನಾದ್ದರಿಂದ ವಿಚಾರಿಸಲಿಲ್ಲ, ತಂಡದ ಎದುರು ಪಕ್ಷಪಾತ ಆಗಬಾರದಲ್ಲ. ಆ ಮನುಷ್ಯ ಅಂಥವರು.

ಹೊಸ ಪಂಪು ಹಾಕಿದೆ. ಸೀಳಿದ ದೋಣಿ ರಿಪೇರಿಯಾಗುವವರೆಗೆ ಗಾಡಿಗೆ ಕೆಲಸ ಇರಲಿಲ್ಲ, ಹತ್ತು ಹದಿನೈದು ದಿನ ಕಳೆಯಿತು. ಲಿವರು ಹಿಡಿದ ಹೊಸಬ ಫೋನು ಮಾಡಿ, ಪುನಃ ಕೂಗುತ್ತಿದೆ ಎಂದ. ಬೆಳಿಗ್ಗೆ ಒಬ್ಬನೇ ಬೀಜಾಡಿಗೆ ಹೋದೆ. ನಾಲ್ಕು ಸಲ ಎತ್ತಿ ಇಳಿಸಿ, ಮೇಲಕ್ಕೆ ಎತ್ತಿ ಇಟ್ಟು, ಮುಚ್ಚಳ ಸಡಿಲಿಸಿದೆ. ಉಸ್ಸ್. ಈ ಸದ್ದು ಯಾಕೆ ಬರುತ್ತದೆ ಎಂದು ಆ ದಿನ ಮೊದಲ ಸಲ ಅನ್ನಿಸಿತು. ಆವಿ ಹೊರಗೆ ಬರುತ್ತಿದೆಯೋ, ಅಥವಾ — ಮುಚ್ಚಳ ಪೂರ್ತಿ ಬಿಗಿದು, ಮತ್ತೆ ಎತ್ತಿ ಇಳಿಸಿ ಎತ್ತಿ, ಈ ಸಲ ಮುಚ್ಚಳ ತೆಗೆದ ಕೂಡಲೇ ಅಂಗೈ ಇಟ್ಟೆ. ಅಂಗೈಯನ್ನು ಟ್ಯಾಂಕು ಒಳಕ್ಕೆ ಎಳೆಯಿತು. ಮಗುವಿನ ಬಾಯಿಗೆ ಬೆರಳಿಟ್ಟರೆ ಎಳೆಯುವ ಹಾಗೆ. ನಿಮಗೆ ಹೇಳಲು ನಾಚಿಕೆಯಾಗುತ್ತದೆ — ಆ ಕ್ಷಣ ನನಗೆ ಆದದ್ದು ಸಂತೋಷ. ಸಿಕ್ಕಿತು! ಟ್ಯಾಂಕಿಗೆ ಉಸಿರಿಲ್ಲ! ಹಾಗಾದರೆ ಉಸಿರಿನ ತೂತು ಎಲ್ಲಿ? ಹಿಂದುಗಡೆ ಬೆರಳು ಆಡಿಸಿದೆ. ಗ್ರೀಸು, ಮರಳು, ಅದರ ಅಡಿಗೆ ರಬ್ಬರು. ಸೈಕಲ್ ಟ್ಯೂಬಿನ ಪಟ್ಟಿ. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ಹಾಗೆ ಸಿಕ್ಕಿಸುವವನು ನಾನೊಬ್ಬನೇ.

ಬ್ಲೇಡಿನಿಂದ ಕೊಯ್ದು ಕಿಸೆಗೆ ಹಾಕಿಕೊಂಡೆ. ಲೋಡರು ಸದ್ದಿಲ್ಲದೆ ಎದ್ದಿತು. ಅಷ್ಟರಲ್ಲಿ ಬಾಬಣ್ಣ ಬಂದರು. "ಹೊಸ ಪಂಪ್ ಈಗ ಸಮಾ ಕೂತ್ಕಂತಾ?" ಎಂದರು. ನಾನು ಹೌದು ಎಂದೆ.

ಶೆಡ್ಡಿಗೆ ಬಂದು ಕಳಚಿಟ್ಟ ಹಳೆಯ ಪಂಪನ್ನು ಬಿಚ್ಚಿದೆ. ಒಳಗಿನ ಗೇರಿನ ಹಲ್ಲುಗಳು ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದವು. ಕೈ ಭಾರವಾಗಿದ್ದರೆ ಅಲ್ಲಿ ಗುರುತು ಇರಬೇಕಿತ್ತು. ಮರುದಿನ ಅದನ್ನು ಗುಜರಿಗೆ ಹಾಕಿದೆ.

ಅದಾಗಿ ಎರಡು ದಿನಕ್ಕೆ ಮಂಜಣ್ಣ ಬಂದರು. ನಡೆದುಕೊಂಡೇ ಬಂದಿದ್ದರು. ಶೆಡ್ಡಿನ ಕಂಬ ಹಿಡಿದು ನಿಂತು ಕೇಳಿದರು.

"ರಘು, ಆ ಹಳಿ ಪಂಪ್ ಬಿಚ್ಚಿ ಕಂಡ್ಯಾ?"

"ಕಂಡೆ."

"ಸಮಾ ಹೇಳ್. ನನ್ ಕೈದೇ ತಪ್ಪಾ?"

ಇದೇ ಆ ಎರಡನೆಯ ಸಲ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ನಿಜ ಹೇಳಿದ್ದರೆ ಅವರು ಒಂದು ಬೈಗುಳ ಬೈದು, ಆಮೇಲೆ ನಕ್ಕು, ಅಣ್ಣನ ಹತ್ತಿರ ಓಡುತ್ತಿದ್ದರು. ನನ್ನ ಹತ್ತಿರ ನಿಜ ಇತ್ತು, ಬಾಯಿಯ ತುದಿಯಲ್ಲೇ —

"ಹೌದ್ ಮಂಜಣ್ಣ. ನಿಮ್ ಕೈ ಭಾರ ಆಯ್ತ್."

ಅವರು ತಲೆಯಾಡಿಸಿದರು. "ಹಾಂಗಾರೆ ಅಣ್ಣಯ್ಯ ಮಾಡಿದ್ದ್ ಸಮಾ ಆಯ್ತ್ ಬಿಡ್" ಎಂದು ಹೇಳಿ ಹೊರಟುಹೋದರು.

ಯಾಕೆ ಹಾಗೆ ಹೇಳಿದೆ? ನೆಪ ಹುಡುಕುತ್ತಿಲ್ಲ, ಗೊತ್ತುಮಾಡಿಕೊಳ್ಳಬೇಕು ಎಂದೇ ಕೇಳಿಕೊಂಡಿದ್ದೇನೆ. ಕೆಲಸ ತಪ್ಪುತ್ತದೆ ಎಂಬ ಹೆದರಿಕೆಯೇ? ಅಲ್ಲ, ಈ ಕರೆಯಲ್ಲಿ ಹೈಡ್ರಾಲಿಕ್ಕಿಗೆ ಬೇರೆ ಜನ ಇರಲಿಲ್ಲ. ಮಂಜಣ್ಣನ ಮೇಲೆ ಏನಾದರೂ ಸಿಟ್ಟೇ? ಎಳ್ಳಷ್ಟೂ ಇಲ್ಲ. ಕೊನೆಗೆ ಸಿಗುವುದು ಇಷ್ಟೇ — ನಿಜ ಹೇಳಿದ್ದರೆ ಜನ ನಗುತ್ತಿದ್ದರು. 'ರಘು ಮೇಸ್ತ್ರಿ ತಾನೇ ಟ್ಯಾಂಕಿನ ಮೂಗು ಕಟ್ಟಿ, ತಾನೇ ಪಂಪು ಬದಲು ಮಾಡಿದ' ಎಂದು ಕುಂದಾಪುರದ ಪೇಟೆಯವರೆಗೆ ಹೇಳಿಕೊಂಡು ನಗುತ್ತಿದ್ದರು. ಎಷ್ಟು ದಿನ? ಒಂದು ವಾರ. ಹೆಚ್ಚೆಂದರೆ ಮುಂದಿನ ಮಳೆಗಾಲದವರೆಗೆ. ಆ ನಗು ತಪ್ಪಿಸಿಕೊಳ್ಳಲು ನಾನು ಒಬ್ಬ ಮನುಷ್ಯನ ಕೈಗಳನ್ನು ಅವನಿಂದಲೇ ಕಿತ್ತುಕೊಂಡೆ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ನನಗೇ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆಮೇಲೆ ಮಂಜಣ್ಣ ಯಾವ ಗಾಡಿಯ ಮೇಲೂ ಕೂರಲಿಲ್ಲ. ದಡದಲ್ಲಿ ಬಲೆ ಸರಿಮಾಡುವ ಕೆಲಸಕ್ಕೆ ಇಳಿದರು. ಜನ ತಮಾಷೆಗೆ 'ಭಾರದ ಮಂಜಣ್ಣ' ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ನಮ್ಮಲ್ಲಿ ಎಲ್ಲರಿಗೂ ಒಂದೊಂದು ಹೆಸರು ಇದ್ದದ್ದೇ. ಅವರೂ ನಕ್ಕರು. ಆದರೆ ಮದುವೆ ಮನೆಯಲ್ಲಿ ಬಡಿಸಲು ಕರೆದರೆ "ನನ್ ಕೈ ಭಾರ ಮಾರಾಯ್ರೆ, ಬ್ಯಾಡ" ಎಂದು ಹಿಂದೆ ಸರಿಯುತ್ತಿದ್ದರು. ಒಂದು ಸಲ ಯಾರೋ ಎಳೆಗೂಸನ್ನು ಎತ್ತಿಕೊಳ್ಳಲು ಕೊಟ್ಟಾಗಲೂ ಹಾಗೆಯೇ ಅಂದದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿದ್ದವರೆಲ್ಲ ನಕ್ಕರು. ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದು ಕೈ ತೊಳೆದೆ.

ಮೊನ್ನೆ ಅವರ ಮಗಳು ಸವಿತಾ ನನ್ನ ಮನೆಗೆ ಬಂದಳು. ಕೋಟೇಶ್ವರ, ಕುಂಭಾಶಿ ಕಡೆ ಮನೆಮನೆಗೆ ಮೀನು ಮಾರುವವಳು. ಈಗ ಒಂದು ಗೂಡ್ಸ್ ರಿಕ್ಷಾ ತೆಗೆದುಕೊಂಡಿದ್ದಾಳೆ, ಓಡಿಸಲು ಕಲಿಯಬೇಕು.

"ಅಪ್ಪಯ್ಯನ ಹತ್ರ ಕೇಂಡೆ ರಘು ಮಾವ. ನನ್ ಕೈ ಭಾರ, ನೀ ಬೇರೆಯವ್ರ ಹತ್ರ ಕಲಿ ಅಂದ್ರ್. ಅಪ್ಪಯ್ಯ ಲೋಡರ್ ಬಿಡುದ್ ಕಾಂಬುಕೆ ಜನ ಬತ್ತಿದ್ರ್ ಅಲ್ದಾ? ಅಂಥವ್ರ ಕೈಯಗೆ ಎಂತ ಆಯ್ತ್ ಮಾವ? ನಿಮ್ಗೆ ಗೊತ್ತಿರ್ಕ್."

ನನಗೆ ಗೊತ್ತಿರಬೇಕು. ಅವಳು ಸುಮ್ಮನೆ ಕೇಳಿದ್ದಳು, ತಿಳಿಯುವ ಆಸೆಯಿಂದ — ನಾನು ಒಂದು ಮಷಿನಿನ ಮುಂದೆ ನಿಂತು ಕೇಳುವ ಹಾಗೆಯೇ. "ನಾಳೆ ನಿಮ್ ಮನಿಗ್ ಬತ್ತೆ" ಎಂದಷ್ಟೇ ಹೇಳಿದೆ.

ಹೋದೆ. ಮಂಜಣ್ಣ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಟ್ಯೂಬಿನ ಪಟ್ಟಿ, ನನ್ನ ಗಂಟು, ಹೊಳೆಯುತ್ತಿದ್ದ ಹಲ್ಲು, ಶೆಡ್ಡಿನಲ್ಲಿ ಆಡಿದ ಸುಳ್ಳು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕೇಳತೊಡಗಿದರು. ತೂತು ಯಾವ ಬದಿಗಿತ್ತು, ಶುರುವಿಗೆ ಮಾತ್ರ ಯಾಕೆ ಸರಿ ಇರುತ್ತಿತ್ತು, ತೋಳು ಇಳಿಸುವಾಗ ಯಾಕೆ ಕೂಗುತ್ತಿರಲಿಲ್ಲ — ಒಂದೊಂದನ್ನೂ ಕೇಳಿ, ತಾವು ಆಗ ಕೇಳಿದ್ದ ಸದ್ದಿಗೆ ತಾಳೆ ಹಾಕಿ ನೋಡಿದರು. ನಾನು ವಿವರಿಸಿದೆ. ಅಷ್ಟು ಹೊತ್ತು ನಾವಿಬ್ಬರೂ ಒಂದು ಕೆಟ್ಟ ಗಾಡಿಯ ಮುಂದೆ ಕೂತ ಹಾಗಿತ್ತು. ಅವರ ಮುಖ ಅರಳಿತ್ತು.

"ಉಸಿರ್ ಕಟ್ಟತ್ತ್ ಅಂದೇಳಿ ನಾ ಹೇಳಿದ್ದೆ ಅಲ್ದಾ?"

"ಹೇಳಿದ್ರಿ. ನಾ ನೆಗಾಡ್ದೆ."

ಸವಿತಾ ಬಾಗಿಲ ಬಳಿ ನಿಂತಿದ್ದಳು. ನಾನು ಹೇಳಿದೆ: ಬರುವ ಭಾನುವಾರ ತಂಡದವರೆಲ್ಲ ದಡದಲ್ಲಿ ಸೇರುತ್ತಾರೆ. ಹನ್ನೊಂದು ವರ್ಷದ ಹಿಂದೆ ಎಲ್ಲಿ ನಿಂತು ಆ ಮಾತು ಆಡಿದೆನೋ ಅಲ್ಲಿಯೇ ನಿಂತು, ಅವತ್ತು ಇದ್ದವರ ಎದುರು ಇದನ್ನೂ ಹೇಳುತ್ತೇನೆ. ಅವತ್ತು ಇದ್ದು ಈಗ ಮುಂಬೈಯಲ್ಲೋ ಬೇರೆ ಎಲ್ಲೋ ಇರುವವರು ಓದಲಿ ಎಂದು ಬರೆದೂ ಹಾಕುತ್ತೇನೆ.

"ಹೇಳ್" ಎಂದರು ಮಂಜಣ್ಣ. "ಎಲ್ಲರಿಗೂ ಹೇಳ್."

ಬಲೆಯ ಸೂಜಿ ಎತ್ತಿಕೊಂಡು ಎರಡು ಕಣ್ಣು ಹೆಣೆದರು. ಮೂರನೆಯದಕ್ಕೆ ನಿಲ್ಲಿಸಿದರು. ತಾಂಡೇಲ ಬಾಬಣ್ಣ ಹೋಗಿ ಎರಡು ವರ್ಷವಾಗಿದೆ. ಆ ಮನೆಯ ಗೋಡೆಯ ಮೇಲೆ ಅವರ ಪಟ ಇದೆ. ಮಂಜಣ್ಣ ಆ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡಿ ಕೇಳಿದರು.

"ಅಣ್ಣಯ್ಯಂಗೆ ಯಾರ್ ಹೇಳುದ್?"

ಭಾನುವಾರ ನಾನು ದಡಕ್ಕೆ ಹೋಗುತ್ತೇನೆ. ಇರುವವರಿಗೆಲ್ಲ ಹೇಳುತ್ತೇನೆ.